ಪುಟ್ಟಲಕ್ಷ್ಮಿಯ ಹೆಸರಿಗೆ ಒಂದು ಮನೆ

ಅಣ್ಣಮ್ಮನ ಮನೆಯಲ್ಲಿ ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರಿಗೆಲ್ಲ ಎಚ್ಚರವಾಗುತ್ತಿತ್ತು. ಅರಕೆರೆ ಬಸ್ಸಿನಲ್ಲಿ ಬಂದು, ಇಳಿದು, ನಾಲೆ ಏರಿ ದಾಟಿದರೆ ಸಿಗುವ ಊರು ಅದು. ಅವರದು ನಾಡಹೆಂಚಿನ ಹಳೆಯ ಮನೆ. ಒಂದು ನಡುಮನೆ, ಅದಕ್ಕೆ ಅಂಟಿಕೊಂಡ ಅಡಿಗೆಮನೆ, ಪಕ್ಕಕ್ಕೆ ಎಮ್ಮೆ ಕಟ್ಟುವ ಕೊಟ್ಟಿಗೆ, ಮುಂದೆ ಜಗಲಿ. ಇಷ್ಟೇ. ಮೈದುನ ನಿಂಗರಾಜುವಿಗೆ ನಾಗಮಂಗಲದ ಕಡೆಯಿಂದ ಪುಟ್ಟಲಕ್ಷ್ಮಿಯನ್ನು ತಂದುಕೊಂಡ ಮೇಲೆ ನಡುಮನೆಗೆ ಅಡ್ಡಲಾಗಿ ಒಂದು ಹಳೆ ಸೀರೆ ಬಂತು. ಸೀರೆಯ ಆಚೆಗೆ ಹೊಸ ಗಂಡಹೆಂಡತಿ, ಈಚೆಗೆ ಅತ್ತೆ ದ್ಯಾವಮ್ಮ, ಅಣ್ಣಮ್ಮ ಮತ್ತು ಅವಳ ಮಗಳು ಚಿನ್ನು. ಅಣ್ಣಮ್ಮನ ಗಂಡ ದೇವರಾಜು ಯಾರೂ ಹೇಳದೆಯೇ ಚಾಪೆ ಸುತ್ತಿಕೊಂಡು ಜಗಲಿಗೆ ಹೋದ. ಮಳೆ ಬಂದ ದಿನ ಎಮ್ಮೆಯ ಪಕ್ಕ ಮಲಗಿದ.

ಆ ಆಷಾಢದಲ್ಲಿ ಪುಟ್ಟಲಕ್ಷ್ಮಿ ಬಸುರಿ ಎಂದು ಗೊತ್ತಾಯಿತು. ದ್ಯಾವಮ್ಮ ಸಂತೋಷಪಟ್ಟಳು, ಆಮೇಲೆ ತಲೆಯೆತ್ತಿ ಮನೆಯನ್ನೊಮ್ಮೆ ಸುತ್ತ ನೋಡಿದಳು. "ತೊಟ್ಲು ಎಲ್ಲಿ ಕಟ್ಟಾದು? ನನ್ ನೆತ್ತಿ ಮ್ಯಾಲಾ?" ಎಂದಳು.

ಅದೇ ವಾರ ಪಂಚಾಯ್ತಿ ಮೆಂಬರು ಕರಿಯಯ್ಯ ಬಂದು ಜಗಲಿಯ ಮೇಲೆ ಕೂತ. ಪಂಚಾಯ್ತಿಗೆ ಹೊಸದಾಗಿ ಗೆದ್ದವನು, ಹೆಗಲ ಮೇಲಿನ ಟವಲನ್ನು ಇನ್ನೂ ಸರಿಮಾಡಿಕೊಳ್ಳುತ್ತಲೇ ಇರುತ್ತಿದ್ದ.

"ದೇವರಾಜ, ನಮ್ಮೂರ್ಗೆ ಸರ್ಕಾರದ ಆಶ್ರಯ ಮನೆ ಬಂದವೆ ಕಣ್ಲಾ. ಊರಾಚೆ ಗೋಮಾಳದಲ್ಲಿ ಸೈಟು. ಪಾಯ ಆಕುದ್ರೆ ಒಂದು ಕಂತು, ಬಾಗ್ಲುಮಟ್ಟ ಎದ್ರೆ ಇನ್ನೊಂದು. ನಿನ್ ತಮ್ಮನ್ಗೊಂದು ಅರ್ಜಿ ಆಕ್ಸು."

"ನಮ್ಗೆ ಕೊಟ್ಟಾರಾ?" ಎಂದ ದೇವರಾಜು.

"ನಿನ್ಗೆ ಕೊಡಾಕಿಲ್ಲ, ನಿನ್ಗೆ ಮನೆ ಅದೆ. ಅವನ್ಗೆ ಎಲ್ಲದೆ? ಆದ್ರೆ ಅವ್ರು ಬೇರೆ ಸಂಸಾರ ಅಂತ ತೋರುಸ್ಬೇಕು. ಬೇರೆ ರೇಷನ್ ಕಾರ್ಡು, ಬೇರೆ ಒಲೆ. ಅಳೆ ಮನೇಲಿ ಭಾಗ ಇಲ್ಲ ಅಂತ ಒಂದು ಕಾಗ್ದ. ಮನೆ ಎಂಗಸ್ರ ಎಸ್ರಿಗೆ ಆಯ್ತದೆ, ಪುಟ್ಟಲಕ್ಷ್ಮಿ ಎಸ್ರಿಗೆ."

ಒಳಗಿನಿಂದ ದ್ಯಾವಮ್ಮನ ದನಿ ಬಂತು. "ಬೇರೆ ಒಲೆನಾ? ನಾನು ಸತ್ಮೇಲೆ ಊಡ್ಕಳಿ."

"ಸುಳ್ಳೊಲೆ ಕಣಕ್ಕ! ತಾಲ್ಲೂಕಾಫೀಸ್ನಿಂದ ಸಾಹೇಬ್ರು ಬಂದು ನೋಡ್ಕಂಡು ಓಗ್ತಾರೆ. ಅವ್ರು ಬೆನ್ನು ತಿರುಗುಸ್ತಿದ್ದಂಗೆ ಒದ್ದುಬುಡಿ."

"ಸುಳ್ಳೊಲೆಲಿ ಬೇಯಾದೂ ಸುಳ್ಳೇಯಾ?" ಎಂದು ದ್ಯಾವಮ್ಮ ಕೇಳಿದಳು. ಕರಿಯಯ್ಯ ಟವಲು ಸರಿಮಾಡಿಕೊಂಡ. ಕಾಫಿ ಕುಡಿದು ಹೊರಟ.

ಅಣ್ಣಮ್ಮನೇ ಕೊಟ್ಟಿಗೆಯ ಮೂಲೆಯನ್ನು ಗುಡಿಸಿ, ನಾಲೆ ಬದುವಿನ ಕೆಮ್ಮಣ್ಣು ತಂದು ಕಲಸಿ ಒಲೆ ಹೂಡಿದಳು. ಪುಟ್ಟಲಕ್ಷ್ಮಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸಾರಿಸಿದಳು. ಅವಳ ಕೈ ಚಿಕ್ಕದು, ಅಚ್ಚುಕಟ್ಟು. "ಅಕ್ಕ, ನಮ್ ಕಡೆ ಒಲೆಗುಂಡು ಇನ್ನೂ ಸ್ವಲ್ಪ ಎತ್ರ ಮಡಗ್ತಾರೆ" ಎಂದಳು. "ಮಡಗು, ನಿನ್ ಒಲೆ ನಿನ್ನಿಷ್ಟ" ಎಂದಳು ಅಣ್ಣಮ್ಮ. ಇಬ್ಬರೂ ನಕ್ಕರು. ಅಣ್ಣತಮ್ಮಂದಿರು ಶ್ರೀರಂಗಪಟ್ಟಣಕ್ಕೆ ಹೋಗಿ ತಾಲ್ಲೂಕು ಕಚೇರಿಯ ಎದುರು ಟೈಪು ಮಾಡುವವನ ಹತ್ತಿರ ಕಾಗದ ಬರೆಸಿ, ರುಜು ಹಾಕಿ, ಬರುವಾಗ ಚಿನ್ನುವಿಗೆ ಖಾರಾಬೂಂದಿ ತಂದರು.

ಚಿನ್ನುವಿಗೆ ಪಾಠ ಹೇಳಿಕೊಡುವ ಕೆಲಸ ದ್ಯಾವಮ್ಮ ವಹಿಸಿಕೊಂಡಳು. ಸುಳ್ಳೊಲೆಗೆ ಬೈದವಳೇ ಈಗ ಎಲ್ಲರಿಗಿಂತ ಮುಂದು.

"ಪ್ಯಾಂಟಾಕ್ಕಂಡು ಯಾರಾದ್ರೂ ಬಂದು ಕೇಳುದ್ರೆ ಏನಂತೀಯವ್ವ?"

"ಚಿಕ್ಕವ್ವ ಬೇರೆ, ನಾವು ಬೇರೆ."

"ಆಮೇಲೆ?"

"ಚಿಕ್ಕವ್ವನ್ ಒಲೆ ಸುಳ್ಳೊಲೆ."

"ಅಯ್ಯೋ ನಿನ್ ಮನೆ ಕಾಯ್ವಾಗ! ಅದ್ನ ಯೋಳ್ಬ್ಯಾಡ!"

ಆದರೆ ಸಾಹೇಬರು ಬರಲಿಲ್ಲ. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕರಿಯಯ್ಯ ಹೇಳುತ್ತಲೇ ಹೋದ. ಶ್ರಾವಣ ಬಂತು. ಒಲೆ ಅಂದ ಮೇಲೆ ಮಸಿ ಇರಬೇಕು, ಬೂದಿ ಇರಬೇಕು ಎಂದು ಪುಟ್ಟಲಕ್ಷ್ಮಿ ಅದರಲ್ಲಿ ಮೊದಮೊದಲು ನೀರು ಕಾಯಿಸಿದಳು. ಆಮೇಲೆ ಒಂದು ಸಂಜೆ ತವರಿನಿಂದ ಬಂದ ಹುರುಳಿಕಾಳು ಬೇಯಿಸಿ ಬಸ್ಸಾರು ಮಾಡಿದಳು. ಕಬ್ಬಿನ ಟ್ರಾಕ್ಟರು ಬಿಟ್ಟುಬಂದ ನಿಂಗರಾಜು ಕೊಟ್ಟಿಗೆಯಲ್ಲೇ ಕೂತು ಉಂಡ. ಎರಡು ಮುದ್ದೆ ಮುರಿದು, ಬೆರಳು ಚೀಪಿ, "ಇದು ಸಾರು ಅಂದ್ರೆ!" ಎಂದ.

ಆ ಮಾತು ಅಡಿಗೆಮನೆಗೆ ಕೇಳಿಸಿತು. ಹತ್ತು ವರ್ಷದಿಂದ ಅವನಿಗೆ ಸಾರು ಬಡಿಸಿದವಳು ಅಣ್ಣಮ್ಮ. ಅವಳಿಗೆ ಚುರುಕ್ಕೆಂದಿತು. ಸೌಟನ್ನು ಪಾತ್ರೆಗೆ ಕುಕ್ಕಿ, "ಇಷ್ಟ್ ದಿನ ಉಂಡಿದ್ದೇನು, ಕಲಗಚ್ಚಾ?" ಎಂದು ಗೋಡೆಗೆ ಹೇಳಿದಳು. ಸ್ವಲ್ಪ ಹೊತ್ತಿಗೆ ಪುಟ್ಟಲಕ್ಷ್ಮಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು.

"ಅಕ್ಕ, ಉಪ್ಪು ಸರಿಯಾಗದಾ ನೋಡು."

"ನಿನ್ ಗಂಡ ನೋಡ್ನಿಲ್ವಾ?"

"ಅವರ್ಗೇನ್ ಗೊತ್ತದೆ. ಅಸ್ದಿದ್ರು, ಉಂಡ್ರು. ನೀನು ಯೋಳು."

ಅಣ್ಣಮ್ಮ ಬೆರಳದ್ದಿ ನೋಡಿದಳು. ನಿಜಕ್ಕೂ ಚೆನ್ನಾಗಿತ್ತು. "ಒಂದೀಟು ಉಳಿ ಕಮ್ಮಿ" ಎಂದಳು. ಆದರೆ ಬಟ್ಟಲನ್ನು ಹಿಂದಕ್ಕೆ ಕೊಡಲಿಲ್ಲ. ದ್ಯಾವಮ್ಮ ಅಂದಿನಿಂದ ಎರಡೂ ಒಲೆಯ ಮುಂದೆ ತಟ್ಟೆ ಹಿಡಿದು ಕೂರುವುದನ್ನು ರೂಢಿ ಮಾಡಿಕೊಂಡಳು. ಕೇಳಿದರೆ, "ಸಾಹೇಬ್ರು ಬಂದ್ರೆ ಎರಡು ಕಡೆಗೂ ಸಾಕ್ಷಿ ಬ್ಯಾಡ್ವಾ?" ಎನ್ನುತ್ತಿದ್ದಳು.

ಹೀಗೇ ನಡೆದಿದ್ದರೆ ನಗುನಗುತ್ತಲೇ ಮುಗಿಯುತ್ತಿತ್ತು. ಆದರೆ ಊರೆಂದ ಮೇಲೆ ಟೀ ಅಂಗಡಿ ಇರುತ್ತದೆ, ಟೀ ಅಂಗಡಿ ಎಂದ ಮೇಲೆ ಕುಳ್ಳಯ್ಯನಂಥವನು ಇರುತ್ತಾನೆ. ಚುನಾವಣೆಯಲ್ಲಿ ಕರಿಯಯ್ಯನ ಎದುರು ಸೋತವನು. ಒಂದು ಸಂಜೆ ನಿಂಗರಾಜು ಮುಖ ಗಂಟಿಕ್ಕಿಕೊಂಡು ಬಂದ. ದೇವರಾಜು ಊಟಕ್ಕೆ ಕೂತಿದ್ದ, ಅಣ್ಣಮ್ಮ ಬಡಿಸುತ್ತಿದ್ದಳು.

"ಆ ಕಾಗ್ದದಲ್ಲಿ ಏನಂತ ಬರ್ಸಿದ್ದೀಯ ಅಣ್ಣಯ್ಯ?"

"ನೀನೇ ಓದಿ ರುಜು ಆಕುದ್ಯಲ್ಲ."

"ಅಳೆ ಮನೇಲಿ ನನ್ಗೆ ಭಾಗ ಇಲ್ಲ ಅಂತ. ನಾಳೆ ಗದ್ದೇಲೂ ಇಲ್ಲ ಅಂತೀಯ."

"ಯಾರ್ಲಾ ಅಂಗಂದೋರು?"

"ಊರೇ ಅಂತದೆ. ಕುಳ್ಳಯ್ಯ ಅಷ್ಟ್ ಜನದ್ ಮುಂದೆ ಅಂದ, ನಿಮ್ಮಣ್ಣ ಉಪಾಯವಾಗಿ ನಿನ್ನ ಆಚೆಗಾಕ್ತಾವ್ನೆ, ನೀನು ಪೆದ್ದನಂಗೆ ಟ್ರಾಕ್ಟ್ರು ತಿರುಗುಸ್ಕಂಡು ಇದ್ದೀಯ ಅಂತ."

ದೇವರಾಜುವಿನ ಕೈಯಲ್ಲಿ ಮುದ್ದೆಯ ತುತ್ತು ಹಾಗೇ ನಿಂತಿತು. ಅವನು ಮೊದಲೇ ಮಾತು ಕಡಿಮೆಯವನು. ಅಪ್ಪ ಚೌಡಯ್ಯ ತೀರಿಕೊಂಡಾಗ ನಿಂಗರಾಜು ಇನ್ನೂ ಶಾಲೆಗೆ ಹೋಗುವ ಹುಡುಗ. ಅವನನ್ನು ಓದಿಸಿದ್ದು, ಲೈಸೆನ್ಸು ಮಾಡಿಸಿದ್ದು, ಹೆಣ್ಣು ನೋಡಿದ್ದು ಎಲ್ಲ ದೇವರಾಜುವೇ. ಅದನ್ನೆಲ್ಲ ಎತ್ತಿ ಆಡುತ್ತಾನೇನೋ ಎಂದು ಅಣ್ಣಮ್ಮ ಕಾದಳು. ಅವನು ತುತ್ತನ್ನು ತಟ್ಟೆಗಿಟ್ಟು, ಎದ್ದು ಕೈ ತೊಳೆದುಕೊಂಡು ಗದ್ದೆಯ ಕಡೆ ಹೊರಟುಹೋದ.

"ಉಣ್ಣೋನ್ನ ಎಬ್ಬುಸ್ಬುಟ್ಯಲ್ಲೋ!" ದ್ಯಾವಮ್ಮ ಕೂಗಿದಳು. "ನಿನ್ ನಾಲ್ಗೆ ಸೇದೋಗ!"

"ನಿನ್ಗೆ ಯಾವಾಗ್ಲೂ ದೊಡ್ಡ ಮಗನೇಯ. ಲೇ ಪುಟ್ಟಲಕ್ಷ್ಮಿ, ನಾಳೆಯಿಂದ ಅವ್ರ ಒಲೆ ಅವ್ರಿಗೆ, ನಮ್ ಒಲೆ ನಮ್ಗೆ. ಒಂದು ಸೌಟು ಸಾರು ಇಲ್ಲಿಂದ ಅಲ್ಲಿಗೆ ಓಗ್ಕೂಡ್ದು."

ಸುಳ್ಳೊಲೆ ಅವತ್ತಿನಿಂದ ದಿಟವಾದ ಒಲೆಯಾಯಿತು. ಅಣ್ಣತಮ್ಮಂದಿರು ಮಾತು ಬಿಟ್ಟರು. ಗದ್ದೆಗೆ ನೀರು ಬಿಡುವ ಸರದಿ ತಿಳಿಸಬೇಕಾದರೂ ಚಿನ್ನು ನಡುವೆ ಓಡಾಡಬೇಕು. "ಅಪ್ಪ, ಚಿಕ್ಕಪ್ಪ ಯೋಳುದ್ರು, ನೀರು ನಾಳಿಕ್ಕಂತೆ." "ಊಂ ಅನ್ನು ಓಗು."

ಹೆಂಗಸರ ಪಾಡು ಬೇರೆಯೇ ಆಯಿತು. ಇಷ್ಟು ದಿನ ಸರ್ಕಾರದ ಎದುರು ಬೇರೆ ಇದ್ದಂತೆ ನಟಿಸಲು ಕಾದವರು ಈಗ ಗಂಡಂದಿರ ಎದುರು ನಟಿಸತೊಡಗಿದರು. ಗಂಡಸರು ಹೊಸಿಲು ದಾಟುತ್ತಲೇ ಬಟ್ಟಲುಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಅಣ್ಣಮ್ಮ ಮಾಡಿದ ಉಪ್ಸಾರಿನ ಖಾರ ಕೊಟ್ಟಿಗೆಗೆ, ಪುಟ್ಟಲಕ್ಷ್ಮಿಯ ಹುರಿಗಾಳು ಅಡಿಗೆಮನೆಗೆ. ಬಸುರಿಗೆ ಒಂದು ದಿನ ಸೊಪ್ಪಿನ ಪಲ್ಯದ ಆಸೆ, ಮಾರನೆಯ ದಿನ ಅದರ ವಾಸನೆ ಕಂಡರೆ ವಾಕರಿಕೆ. ಅಣ್ಣಮ್ಮ ಎಲ್ಲಕ್ಕೂ ಓಡುತ್ತಿದ್ದಳು.

"ಅಕ್ಕ, ಅವರ್ಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಬುಡು. ನಾಲ್ಗೆ ಮ್ಯಾಲೆ ಇಕ್ಕಂಡ್ರೆ ಯಾರ್ ಮಾಡಿದ್ದು ಅಂತ ಗೊತ್ತಾಯ್ತದೆ. ಅವ್ನು ಸುಮ್ನೆ ತಿಂತಾವ್ನೆ, ಅಂದ್ರೆ ಗೊತ್ತದೆ ಅಂತಲೇಯ."

ಹೀಗಿರುವಾಗ ಪಕ್ಷದ ಹಬ್ಬ ಬಂತು. ತೀರಿಹೋದ ಹಿರಿಯರಿಗೆ ಎಡೆ ಇಡುವ ಹಬ್ಬ. ಚೌಡಯ್ಯನ ಹೆಸರಿನಲ್ಲಿ ಪ್ರತಿ ವರ್ಷ ನಡುಮನೆಯಲ್ಲಿ ಕಳಸ ಹೂಡಿ, ಹೊಸ ಪಂಚೆ ಇಟ್ಟು, ಕೋಳಿಸಾರು, ವಡೆ, ಕಜ್ಜಾಯ, ಅವನಿಗೆ ಇಷ್ಟವಾದ ಬೀಡಿಕಟ್ಟು ಎಲ್ಲ ಬಾಳೆಲೆಗೆ ಇಡುತ್ತಿದ್ದರು. ಈ ಸಲ ನಿಂಗರಾಜು, "ನಮ್ ಎಡೆ ನಾವು ಕೊಟ್ಟಿಗೇಲೇ ಇಕ್ಕತೀವಿ" ಎಂದ.

ದ್ಯಾವಮ್ಮ ಮೊರದಲ್ಲಿದ್ದ ಅಕ್ಕಿಯನ್ನು ಹಾಗೇ ಕೆಳಗಿಟ್ಟಳು. "ನಿಮ್ಮಪ್ಪ ಬದ್ಕಿದ್ದಾಗ ಕೊಟ್ಟಿಗೇಲಿ ಉಂಡಿದ್ನಾ? ಸತ್ಮೇಲೆ ಎಮ್ಮೆ ಪಕ್ಕ ಕೂರುಸ್ತೀಯಾ? ಅವ್ನು ಬಂದು ಯಾವ್ ಎಲೆ ಮುಂದೆ ಕೂರ್ಬೇಕು? ಅರ್ಧ ಇಲ್ಲಿ ಅರ್ಧ ಅಲ್ಲಿ ಸೀಳ್ಕಂಡು ಬರ್ಬೇಕಾ? ಇವತ್ತೊಂದಿನ ನನ್ ಒಲೆ ಒಂದೇಯ. ಇಷ್ಟ ಇದ್ದೋರು ಕೂತ್ಕಳಿ, ಇಲ್ದೋರು ಓಗಿ."

ನಿಂಗರಾಜು ತಲೆ ತಗ್ಗಿಸಿ ಕೋಳಿಯ ಪುಕ್ಕ ಕೀಳಲು ಕೂತ.

ನೆಂಟರು, ಅಕ್ಕಪಕ್ಕದವರು ಸೇರಿದ್ದರು. ಸಾಂಬ್ರಾಣಿ ಹೊಗೆ ನಡುಮನೆ ತುಂಬಿತ್ತು. ಎಡೆ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕಿ ತೆಗೆದು, ಎಲ್ಲರೂ ಅಡ್ಡಬೀಳುತ್ತಿದ್ದಾಗ ಹೊರಗೆ ಮೋಟಾರ್ ಸೈಕಲ್ಲಿನ ಸದ್ದಾಯಿತು. ಕರಿಯಯ್ಯ ಬೆವರುತ್ತಾ ಒಳಗೆ ಬಂದ. ಅವನ ಹಿಂದೆ ಚರ್ಮದ ಚೀಲ ಹಿಡಿದ ಒಬ್ಬರು.

"ಪುಟ್ಟಲಕ್ಷ್ಮಿ ಕೋಂ ನಿಂಗರಾಜು ಯಾರಮ್ಮ?"

ಪುಟ್ಟಲಕ್ಷ್ಮಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಸಾಹೇಬರು ಅಡಿಗೆಮನೆ ಇಣುಕಿದರು, ಕೊಟ್ಟಿಗೆ ಇಣುಕಿದರು. ಆ ಮೂಲೆಯ ಒಲೆ ಅವತ್ತು ತಣ್ಣಗಿತ್ತು, ಅದರ ಮೇಲೊಂದು ಕೋಳಿಬುಟ್ಟಿ ಬೋರಲು ಬಿದ್ದಿತ್ತು. ಇಷ್ಟು ವಾರ ಉರಿದ ಒಲೆ, ನೋಡುವವರು ಬಂದ ದಿನ ಆರಿ ಕೂತಿತ್ತು.

"ಬೇರೆ ಸಂಸಾರ ಅಂತ ಅರ್ಜಿಯಲ್ಲಿದೆ. ಇಲ್ಲಿ ನೋಡಿದರೆ ಎಲ್ಲರದೂ ಒಂದೇ ಅಡಿಗೆ."

"ಇವತ್ತು ಪಕ್ಷ ಸಾ, ಅದ್ಕೆ..." ಎಂದು ಕರಿಯಯ್ಯ ಶುರುಮಾಡಿದ.

"ನೀವು ಸುಮ್ಮನಿರಿ ಮೆಂಬರೇ. ಇವರು ಹೇಳಲಿ." ಅವರು ನಿಂಗರಾಜುವಿನ ಕಡೆ ತಿರುಗಿದರು. "ಹೇಳಪ್ಪ. ನೀನು ನಿಮ್ಮಣ್ಣ ಬೇರೆಯೋ, ಒಟ್ಟಿಗೋ?"

ಅಣ್ಣಮ್ಮ ಬಾಗಿಲಿಗೊರಗಿ ನಿಂತಿದ್ದಳು. ಒಂದು ಮಾತಿನ ಕೆಲಸ. ಟೀ ಅಂಗಡಿಯಲ್ಲಿ, ಗದ್ದೆಯಲ್ಲಿ, ಮನೆಯ ಅಂಗಳದಲ್ಲಿ ಇಷ್ಟು ದಿನ ಅವನು ಆಡಿಕೊಂಡು ತಿರುಗಿದ ಮಾತೇ ಅದು. ನಿಂಗರಾಜು ಬಾಯಿ ತೆರೆದ. ಅಪ್ಪನ ಎಡೆಯನ್ನು ನೋಡಿದ, ಪಕ್ಕದಲ್ಲಿ ಹಣೆಗೆ ವಿಭೂತಿ ಬಳಿದುಕೊಂಡು ನಿಂತಿದ್ದ ಅಣ್ಣನನ್ನು ನೋಡಿದ. ಮಾತು ಹೊರಡಲಿಲ್ಲ. ಪುಟ್ಟಲಕ್ಷ್ಮಿಯ ಕಣ್ಣಲ್ಲಿ ನೀರಾಡಿತು.

"ಏನಯ್ಯ, ಇಷ್ಟು ಹೇಳೋಕೂ ಆಗಲ್ವಾ?"

"ಬೇರೆ ಸಾ," ಎಂದ ದೇವರಾಜು.

ಎಲ್ಲರೂ ಅವನ ಕಡೆ ತಿರುಗಿದರು.

"ನಾನೇ ಆಚೆಗಾಕಿದೀನಿ. ಈ ಮನೇಲಿ ಅವನ್ಗೆ ಭಾಗ ಇಲ್ಲ. ಇವತ್ತು ಅವ್ವ ಕರುದ್ಲು ಅಂತ ಬಂದವ್ನೆ. ನಾಳೆಯಿಂದ ಮತ್ತೆ ಎಮ್ಮೆ ಕಟ್ಟೋ ಜಾಗದಲ್ಲೇ ಬಿದ್ದಿರ್ತಾರೆ. ಬರ್ಕಳಿ."

ಸಾಹೇಬರು ದೇವರಾಜುವಿನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಬಸುರಿ ಹೆಂಗಸಿರೋ ಸಂಸಾರಾನ ಕೊಟ್ಟಿಗೇಲಿ ಇಟ್ಟಿದ್ದೀಯ. ನಾಚಿಕೆ ಆಗಲ್ವಾ ನಿನಗೆ?" ಎಂದರು.

"ಆಯ್ತದೆ ಸಾ," ಎಂದು ದೇವರಾಜು ತಲೆ ತಗ್ಗಿಸಿದ.

ಅವರು ಬರೆದುಕೊಂಡರು. ಊಟಕ್ಕೆ ಕರೆದರೆ ಒಲ್ಲೆನೆಂದು ಹೊರಟೇಬಿಟ್ಟರು. ನಿಂಗರಾಜು ಎಡೆಯ ಮುಂದಿನಿಂದ ಹಿತ್ತಲಿಗೆ ಹೋದವನು ಊಟಕ್ಕೆ ಕರೆಯುವವರೆಗೂ ಬರಲಿಲ್ಲ.

ಮಾತು ಊರು ಸುತ್ತಲು ಒಂದು ಹಗಲು ಸಾಕಾಯಿತು. ಬೋರಿಂಗಿನ ಹತ್ತಿರ ನೀರಿಗೆ ಹೋದರೆ ಹೆಂಗಸರು ಬಿಂದಿಗೆ ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದರು. "ಅಲ್ಲ ಅಣ್ಣಮ್ಮ, ಬಸ್ರಿನ ಎಮ್ಮೆ ಪಕ್ಕ ಮನಗ್ಸಿದೀರಂತೆ? ನಿನ್ ಗಂಡ ಅಂತೋನಲ್ಲ ಅನ್ಕಂಡಿದ್ದೆ." ಅಲ್ಲ ಎಂದರೆ ಮನೆ ಹೋಗುತ್ತದೆ. ಅಣ್ಣಮ್ಮ ಹಲ್ಲು ಕಚ್ಚಿಕೊಂಡು "ಊಂ" ಎನ್ನುತ್ತಿದ್ದಳು. ಮನೆಗೆ ಬಂದು ಬಿಂದಿಗೆಯನ್ನು ದಡಕ್ಕನೆ ಇಳಿಸುತ್ತಿದ್ದಳು.

"ಎಷ್ಟ್ ದಿನ ಈ ಮಾತು ಹೊರಾದು?" ಎಂದು ಗಂಡನನ್ನು ಕೇಳಿದಳು.

"ಮನೆ ಎದ್ದೇಳಗಂಟ."

"ಅವ್ನು ಒಂದ್ ಮಾತು ಬಂದು ಆಡುದ್ನಾ ನಿನ್ತವ?"

"ಆಡಾಕೇನದೆ" ಎಂದ ದೇವರಾಜು, ಕುಡುಗೋಲು ಮಸೆಯುತ್ತ.

ದೀಪಾವಳಿ ಕಳೆದ ಮೇಲೆ ಶಾಲೆಯ ಅಂಗಳದಲ್ಲಿ ಗ್ರಾಮಸಭೆ ನಡೆಯಿತು. ಮನೆ ಸಿಗುವವರ ಹೆಸರುಗಳನ್ನು ಸೆಕ್ರೆಟರಿ ಒಂದೊಂದಾಗಿ ಓದಿದರು. ಯಾರಿಗಾದರೂ ತಕರಾರಿದ್ದರೆ ಅಲ್ಲೇ ಹೇಳಬೇಕು. ಪುಟ್ಟಲಕ್ಷ್ಮಿಯ ಹೆಸರು ಬರುತ್ತಲೇ ಕುಳ್ಳಯ್ಯ ಎದ್ದ.

"ತಕರಾರದೆ ಸಾ. ಇದೆಲ್ಲ ನಾಟ್ಕ. ಅವ್ರು ಬೇರೆ ಆಗೇ ಇಲ್ಲ. ಕರಿಯಯ್ಯ ತನ್ ಕಡೆಯೋರ್ಗೆ ಕೊಡ್ಸಾಕೆ ಕಟ್ಟಿರೋ ಕತೆ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಪುಟ್ಟಲಕ್ಷ್ಮಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತಳು, ಆದರೆ ಏನು ಹೇಳಬೇಕೋ ತಿಳಿಯದೆ ಅಣ್ಣಮ್ಮನ ಕಡೆ ನೋಡಿದಳು. ಸಭೆಯಲ್ಲಿ ಹಿಂದೆಂದೂ ಬಾಯಿ ತೆರೆಯದ ಅಣ್ಣಮ್ಮ ಕೂತಲ್ಲಿಂದಲೇ ಕೂಗಿದಳು.

"ಕುಳ್ಳಯ್ಯಣ್ಣ, ನಮ್ಮನೆಯೋರು ತಮ್ಮನ್ನ ಆಚೆಗಾಕ್ತಾವ್ರೆ ಅಂತ ಟೀ ಅಂಗ್ಡೀಲಿ ಯೋಳ್ದೋನು ನೀನೇ ಅಲ್ವಾ? ಅಷ್ಟ್ ಜನ ಕೇಳ್ಕಂಡವ್ರೆ. ಅವತ್ತು ಆಡಿದ್ದು ದಿಟನಾ, ಇವತ್ತು ಆಡಿದ್ದು ದಿಟನಾ? ಒಂದ್ ಯೋಳು, ಬರ್ಕಳ್ಳಿ."

ಮೊದಲು ಒಬ್ಬರು ನಕ್ಕರು, ಆಮೇಲೆ ಅಂಗಳವೇ ನಕ್ಕಿತು. ಕುಳ್ಳಯ್ಯ, "ಅದು ಅಂಗಲ್ಲ..." ಎನ್ನುತ್ತ ಅತ್ತಿತ್ತ ನೋಡಿ ಕೂತುಬಿಟ್ಟ. ಸೆಕ್ರೆಟರಿ ಹೆಸರಿನ ಮುಂದೆ ಗುರುತು ಹಾಕಿಕೊಂಡರು. ಅಣ್ಣಮ್ಮ ಗೆದ್ದಿದ್ದಳು, ಆದರೆ ಗಂಡ ತಮ್ಮನನ್ನು ಹೊರಗೆ ಹಾಕಿದ್ದು ದಿಟವೆಂದು ಊರಿನ ಮುಂದೆ ಅವಳ ಬಾಯಿಂದಲೇ ಬಂದಂತಾಯಿತು. ತಿರುಗಿ ನೋಡಿದಳು. ದೇವರಾಜು ಬೇವಿನ ಮರದಡಿ ನಿಂತು ಮೀಸೆಯಲ್ಲೇ ನಗುತ್ತಿದ್ದ.

ಪುಟ್ಟಲಕ್ಷ್ಮಿ ಬಾಣಂತನಕ್ಕೆ ತವರಿಗೆ ಹೋದಳು. ಇತ್ತ ಗೋಮಾಳದಲ್ಲಿ ಪಾಯದ ಗುರುತು ಬಿತ್ತು. ಮೊದಲ ದಿನ ನಿಂಗರಾಜು ಗುದ್ದಲಿ ಹಿಡಿದು ಹೋದಾಗ ದೇವರಾಜು ಆಗಲೇ ಅಲ್ಲಿ ಅಗೆಯುತ್ತಿದ್ದ. ನಿಂಗರಾಜು ಎದುರಿನ ಮೂಲೆಯಿಂದ ಅಗೆಯಲು ಶುರುಮಾಡಿದ. ಬುತ್ತಿ ತಂದ ಅಣ್ಣಮ್ಮ ನೋಡಿದಳು, ಅಣ್ಣತಮ್ಮಂದಿರ ಮಾತು ಮತ್ತೆ ಹುಟ್ಟಿತ್ತು, ಆದರೆ ಕೆಲಸದಷ್ಟೇ. "ಆ ಕಲ್ಲು ಇತ್ಲಾಗೆ ಉಳ್ಳುಸು." "ಸಾಕಾ?" "ಇನ್ನೊಂದೀಟು." ಬುತ್ತಿಯನ್ನು ಮಾತ್ರ ಒಂದೇ ತಟ್ಟೆಗೆ ಹಾಕಿಕೊಟ್ಟಳು. ಇಬ್ಬರೂ ಬೇಡವೆನ್ನಲಿಲ್ಲ.

ಒಂದು ಕಂತು ಬಂತು, ಇನ್ನೊಂದು ತಡವಾಯಿತು. ಗೋಡೆ ಬಾಗಿಲುಮಟ್ಟದಲ್ಲಿ ನಿಂತೇ ಬೇಸಿಗೆ ಕಾಲಿಟ್ಟಿತು. ದ್ಯಾವಮ್ಮ ಪ್ರತಿ ಸಂಜೆ ಕೋಲೂರಿಕೊಂಡು ಹೋಗಿ, ಗೋಡೆಗೆ ನೀರು ಚಿಮುಕಿಸಿ, ಸರ್ಕಾರವನ್ನೂ ಕರಿಯಯ್ಯನನ್ನೂ ಒಂದೇ ಉಸಿರಿನಲ್ಲಿ ಬೈದು ಬರುತ್ತಿದ್ದಳು. ಅಂತೂ ಮಂಗಳೂರು ಹೆಂಚು ಏರಿತು. ಹಕ್ಕುಪತ್ರ ಕೈಗೆ ಬಂದ ದಿನ ದ್ಯಾವಮ್ಮ ಅದನ್ನು ಇಸಿದುಕೊಂಡು, ಓದಲು ಬರದಿದ್ದರೂ ಬೆರಳಾಡಿಸಿ, "ಇದ್ರಲ್ಲಿ ಪುಟ್ಟಲಕ್ಷ್ಮಿ ಎಲ್ಲವ್ಳೆ?" ಎಂದು ಕೇಳಿದಳು. ಚಿನ್ನು ತೋರಿಸಿದಳು. "ನಮ್ ವಂಶದಲ್ಲಿ ಎಣ್ಣೆಂಗ್ಸಿನ ಎಸ್ರಿಗೆ ಒಂದ್ ಕೋಳಿಗೂಡೂ ಇರ್ನಿಲ್ಲ" ಎಂದು ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡಳು.

ಗೃಹಪ್ರವೇಶಕ್ಕೆ ಪುಟ್ಟಲಕ್ಷ್ಮಿ ಮಗಳನ್ನು ಎತ್ತಿಕೊಂಡು ನಾಗಮಂಗಲದಿಂದ ಬಂದಳು. ಹಾಲುಕ್ಕಿಸಿದ ಮೇಲೆ ಊರವರಿಗೆ ಊಟ. ಕುಳ್ಳಯ್ಯನೂ ಬಂದಿದ್ದ. ಪಂಕ್ತಿ ಬಿದ್ದು ಅನ್ನ ಬಡಿಸುವಾಗ ನಿಂಗರಾಜು ಇದ್ದಕ್ಕಿದ್ದಂತೆ ನಡುವೆ ನಿಂತು, "ಎಲ್ರೂ ಒಂದ್ ಮಾತು ಕೇಳಿ. ನಮ್ಮಣ್ಣ ನನ್ನ ಆಚೆಗಾಕಿರ್ನಿಲ್ಲ..." ಎಂದು ಶುರುಮಾಡಿದ.

ಕರಿಯಯ್ಯ ಎಲೆ ಬಿಟ್ಟು ಎದ್ದುಬಂದು ಅವನ ಬಾಯಿಗೆ ಟವಲು ಅಡ್ಡ ಹಿಡಿದ. "ಲೇ, ಮುಚ್ಕಳ್ಲಾ! ಸೆಕ್ರೆಟ್ರಿ ಅಲ್ಲೇ ಪಾಯಸ ಕುಡೀತಾವ್ರೆ!"

ಪಂಕ್ತಿ ನಗೆಯಲ್ಲಿ ಅಲ್ಲಾಡಿತು. ಆದರೆ ಅರ್ಧ ಮಾತು ಸಾಕಾಗಿತ್ತು. ಬೋರಿಂಗಿನ ಹತ್ತಿರ ಬಿಂದಿಗೆ ಸರಿಸಿಕೊಳ್ಳುತ್ತಿದ್ದ ಹೆಂಗಸು ಎಲೆಯ ಮುಂದಿನಿಂದ ಕತ್ತೆತ್ತಿ ಅಣ್ಣಮ್ಮನನ್ನು ನೋಡಿದಳು. ಅಣ್ಣಮ್ಮ ಅವಳಿಗೆ ಇನ್ನೊಂದು ಸೌಟು ಪಾಯಸ ಹಾಕಿ ಮುಂದೆ ಹೋದಳು.

ಜನ ಚದುರಿದರು. ಅಣ್ಣಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ ಮನೆಯ ಗೋಡೆಗೆ ಒರಗಿ ಕೂತಿದ್ದಳು. ಹೊರಗೆ ಅಣ್ಣತಮ್ಮಂದಿರು ಚಪ್ಪರದ ಗಳ ಬಿಚ್ಚುತ್ತಿದ್ದರು. ಕಿಟಕಿಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ, ಮಾತು ಕೇಳಿಸುತ್ತಿತ್ತು.

"ಅಣ್ಣಯ್ಯ."

"ಏನ್ಲಾ."

"ಅವತ್ತು ಪಕ್ಷದ್ ದಿನ ಸಾಹೇಬ್ರು ಕೇಳ್ದಾಗ ನಾನೇ ಯೋಳ್ಬೇಕಾಗಿತ್ತು, ಬೇರೆ ಅಂತ. ನಿನ್ ಮ್ಯಾಲೆ ಆಕ್ಬುಟ್ಟೆ."

ಗಳ ಎಳೆಯುವ ಸದ್ದು ನಿಂತಿತು.

"ಯಾಕ್ ಯೋಳ್ನಿಲ್ಲ?"

"ಬಾಯಿಗೆ ಬರ್ನಿಲ್ಲ ಅಣ್ಣಯ್ಯ."

"ಊಂ. ಅದು ಬರ್ನಿಲ್ವಲ್ಲ, ನನ್ಗೆ ಅಷ್ಟು ಸಾಕಾಯ್ತು ಬುಡು," ಎಂದ ದೇವರಾಜು. "ಆ ತುದಿ ಇಡ್ಕೊ."